ಕತ್ತರಿ ಬೀಳಿಸಿದ ಓರಗಿತ್ತಿ

"ಮಿಷಿನ್ನಿನ ಗದ್ದಲದಲ್ಲಿ ಬಾಯಿಬಿಟ್ಟು ಹೇಳೋಕಾಗಲ್ಲ ಮೇಡಂ. ಅದಕ್ಕೇ ನಾವು ಹೆಂಗಸರು ಒಂದು ದಾರಿ ಮಾಡ್ಕೊಂಡಿದ್ವಿ. ಸೂಪರ್‌ವೈಸರು ಯಾರ ಬೆನ್ನ ಹಿಂದೆ ಬಂದು ನಿಂತ್ರೂ ಪಕ್ಕದೋಳು ಕತ್ತರಿ ಕೆಳಗೆ ಬೀಳಿಸಬೇಕು. ಗದ್ದಲ ಸೀಳ್ಕೊಂಡು ಠಣ್ ಅಂದ್ರೆ ಸಾಕು, ಸಾಲಿಗೆ ಸಾಲೇ ತಿರುಗಿ ನೋಡೋದು. ಅಷ್ಟು ಕಣ್ಣು ಬಿದ್ಮೇಲೆ ಅವನ ಕೈ ತಾನಾಗೇ ಜೇಬಿಗೆ ಹೋಗೋದು. 'ಕೈಗೇನು ಬೆಣ್ಣೆ ಸವರ್ಕೊಂಡಿದೀರೇನ್ರೇ?' ಅಂತ ಬೈಯೋನು. ಬೈದ್ರೆ ಬೈಲಿ, ಬೈಗುಳ ಮೈಗೇನು ಅಂಟ್ಕೊಳ್ಳಲ್ಲ. ಅವತ್ತೂ ಕತ್ತರಿ ಬಿತ್ತು. ಆದ್ರೆ ಊಟದ ಹೊತ್ತು, ಬಾಕಿ ಮುಗಿಸೋಕೆ ಕೂತಿದ್ದೋರು ನಾವಿಬ್ರೇ. ನನ್ನ ಸೊಂಟಕ್ಕೆ ಹಾಕಿದ ಕೈ ಅವನು ತೆಗೀಲೇ ಇಲ್ಲ. ಕತ್ತರಿ ಬೀಳಿಸಿದೋಳು ನನ್ನ ಓರಗಿತ್ತಿ. ಅವಳನ್ನೇ ಕೇಳಿ."

ವಿಚಾರಣೆಯ ಕೋಣೆಯಲ್ಲಿ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದವಳು ಕಾಲರ್ ಹೊಲಿಯುವವಳು. ಮದುವೆಯಾದ ವರ್ಷವೇ ಈ ಬಟ್ಟೆ ಕಾರ್ಖಾನೆಗೆ ಬಂದವಳು. ಬಗ್ಗಿ ಹೊಲಿದೂ ಹೊಲಿದೂ ಅವಳ ಕತ್ತು ಎಡಕ್ಕೆ ವಾಲಿತ್ತು. "ಲೋಕದ ಗಂಡಸರ ಕಾಲರೆಲ್ಲ ನೆಟ್ಟಗೆ ನಿಲ್ಲಿಸಿ ನಿನ್ನ ಕತ್ತೇ ಸೊಟ್ಟಾಯ್ತಲ್ಲೇ!" ಎಂದು ಜೊತೆಯವರು ಕಾಡಿಸುತ್ತಿದ್ದರು. ಮೈದುನನ ಹೆಂಡತಿಯನ್ನು ಕೆಲಸಕ್ಕೆ ಸೇರಿಸಿ, ಪಕ್ಕದಲ್ಲೇ ಕೂರಿಸಿಕೊಂಡು ಹೊಲಿಗೆ ಕಲಿಸಿದ್ದೂ ಅವಳೇ.

ದೂರು ವಿಚಾರಿಸಲು ಕೂತಿದ್ದ ಸಮಿತಿಗೆ ಹೊರಗಿನಿಂದ ಬಂದಿದ್ದವರು ಕಾನೂನು ಕಾಲೇಜಿನ ಮೇಡಂ. ಹೆಂಗಸರ ಹಕ್ಕಿನ ಮೇಲೆ ದಪ್ಪ ದಪ್ಪ ಪುಸ್ತಕ ಬರೆದವರು.

"ಹಿಂದಿನ ಕಾನೂನು ಹೆಣ್ಣನ್ನೇ ನಿಲ್ಲಿಸಿ, ಯಾಕೆ ಕೂಗ್ಲಿಲ್ಲ ಅಂತ ಕೇಳ್ತಿತ್ತಮ್ಮ. ಬಸುರಾದೋಳು ಹೆರಬೇಕೋ ಬೇಡವೋ ಅನ್ನೋದನ್ನೂ ಅವಳೊಬ್ಬಳನ್ನ ಬಿಟ್ಟು ಮಿಕ್ಕೋರೆಲ್ಲ ತೀರ್ಮಾನ ಮಾಡೋರು. ಎಷ್ಟೋ ಜನ ಬಾಯಿಬಿಟ್ಟಿದ್ದಕ್ಕೇ ಬದಲಾಗಿದ್ದು. ಹೆದರಬೇಡ," ಎಂದು ಅವರು ಓರಗಿತ್ತಿಯನ್ನು ಒಳಗೆ ಕರೆಸಿದರು.

"ಕತ್ತರಿ ಬೀಳಿಸಿದ್ದು ನೀವೇನಾ?"

"ಹೂಂ ಮೇಡಂ. ಕೈ ಜಾರಿ ಬಿತ್ತು."

"ಏನಾದ್ರೂ ನೋಡಿ ಬೀಳಿಸಿದ್ರಾ?"

"ಇಲ್ಲಪ್ಪ. ಸೂಜಿಗೆ ದಾರ ಪೋಣಿಸ್ತಿದ್ದೆ. ಅಕ್ಕಂಗೆ ಅವತ್ತು ತಲೆನೋವಿತ್ತು, ಏನೋ ತಪ್ಪು ತಿಳ್ಕೊಂಡಿರ್ಬೇಕು."

ಅಕ್ಕ ಎನ್ನುವಾಗಲೂ ದನಿ ನಡುಗಲಿಲ್ಲ. ಬೆಳಿಗ್ಗೆ ತಾನೇ ಅಕ್ಕನ ಜಡೆ ಹೆಣೆದು, "ನಡಿ ಹೋಗೋಣ, ನಾನಿದೀನಲ್ಲ" ಎಂದಿದ್ದವಳು ಇವಳೇ.

ಮೇಡಂ ಒಬ್ಬರೇ ಬಹಳ ಹೊತ್ತು ವಾದ ಮಾಡಿದರು. ಆದರೆ ಸಮಿತಿಯ ಉಳಿದಿಬ್ಬರೂ ಕಾರ್ಖಾನೆಯವರು. ಇದ್ದೊಬ್ಬಳು ಸಾಕ್ಷಿಯೇ ಏನೂ ನೋಡಿಲ್ಲವೆಂದ ಮೇಲೆ ಇನ್ನೇನು ಎಂದು ದೂರನ್ನು ಅಲ್ಲಿಗೇ ಮುಗಿಸಿದರು.

ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಅವತ್ತು ಸಂಜೆ ಹಿತ್ತಿಲ ಬಾಗಿಲಲ್ಲಿ ಕಾಲರಿನವಳು ಕೇಳಿದಳು, "ಯಾಕೆ ಹೀಗೆ ಮಾಡ್ದೆ?"

"ಸೂಪರ್‌ವೈಸರು ನನ್ನ ಮಗಳಿಗೆ ಕೆಲಸ ಕೊಡ್ತೀನಿ ಅಂದ, ಅಕ್ಕ. ನಮ್ಮ ಸಾಲಲ್ಲೇ."

"ಅವನ ಕೈಕೆಳಗೆ? ನಮ್ಮ ಕೂಸನ್ನ?"

"ನಾನು ಪಕ್ಕದಲ್ಲೇ ಇರ್ತೀನಲ್ಲ."

"ನನ್ನ ಪಕ್ಕದಲ್ಲೂ ನೀನೇ ಇದ್ದೆ ಕಣೇ."

ಓರಗಿತ್ತಿ ಬಕೆಟ್ಟಿನಲ್ಲಿ ನೆನೆಹಾಕಿದ್ದ ದೊಡ್ಡ ಹೊದಿಕೆಯನ್ನು ಎತ್ತಿ, ಒಂದು ತುದಿ ಹಿಡಿದು ನಿಂತಳು. ಒಬ್ಬರಿಂದ ಹಿಂಡಲಾಗುವಂಥದ್ದಲ್ಲ ಅದು. ಕಾಲರಿನವಳು ಮುಖ ಆಚೆ ತಿರುಗಿಸಿ, ಇನ್ನೊಂದು ತುದಿ ಹಿಡಿದು ಹಿಂಡತೊಡಗಿದಳು.