ಆಯಿ ಕೀಲಿ ಹಾಕಿಸಿದ ದನಿ

ಹಳೆಯ ಫೋನಿನಲ್ಲಿರುವುದನ್ನೆಲ್ಲ ಹೊಸದಕ್ಕೆ ಸಾಗಿಸಿಕೊಡುವ ಪುಣ್ಯಾತ್ಮನೊಬ್ಬ ಇಳಕಲ್ಲಿನಲ್ಲಿದ್ದಾನೆ. ಮೊನ್ನೆ ಅವನು ಒಂದು ಫೈಲಿನ ಮೇಲೆ ಬೆರಳಿಟ್ಟು, "ಇದು ತೆಗೀವಲ್ದರಿ ಅಕ್ಕಾರ, ಕೆಟ್ಟೈತಿ. ಬಿಟ್ಟುಬಿಡ್ಲ್ಯಾ?" ಅಂದ.

"ಕೆಟ್ಟಿಲ್ಲಪಾ, ಕೀಲಿ ಹಾಕೇತಿ."

"ಹಂಗಾರ ಕೀಲಿ ತಗಸ್ರಿ. ಬೇಕಂದಾಗ ಕೇಳಬಹುದಲ್ಲ?"

ಅವನ ಮಾತೂ ಸರಿಯೇ. ಹೂಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಾಮಾ ನೆನಪಾದ.

ಮಾಮಾ ಎಂದರೆ ಅವ್ವನ ಅಣ್ಣ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. ಅವನ ಅತಿ ದಡ್ಡ ವಿದ್ಯಾರ್ಥಿನಿ ನಾನೇ. ಪರದೆಯ ಮೇಲೆ ಒಂದು ಗುಡ್ಡ, ಒಂದು ಸೂರ್ಯ ಬಿಡಿಸಿ ಬಣ್ಣ ಸುರಿಯುವಲ್ಲಿಗೆ ನನ್ನ ವಿದ್ಯೆ ಮುಗಿಯುತ್ತಿತ್ತು. ಮಾಮಾನಿಗೆ ದನಿ ಕೂಡಿಡುವ ಹುಚ್ಚು. ಹಳೆಯ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಅಲ್ಲಿನ ಟಾಂಗಾದ ಗಂಟೆ, ಬೋರಿಂಗ್ ಪಂಪಿನ ಕಿರುಗುಟ್ಟುವ ಸದ್ದು, ಓಣಿಯ ಜಗಳ ಎಲ್ಲವನ್ನೂ ತುಂಬಿಕೊಂಡು ಬಂದಿದ್ದ. ನೇಕಾರರ ಮನೆಯ ಮಗ. ಮಗ್ಗದ ಮೇಲೆ ಹಳೆಯ ಹಾಸು ಮುಗಿಯುವ ಮೊದಲೇ ಅದರ ಎಳೆಗಳಿಗೆ ಹೊಸ ಹಾಸಿನ ಎಳೆ ಸೇರಿಸುತ್ತಾರಲ್ಲ, ಕೆಚ್ಚುವುದು ಎನ್ನುತ್ತಾರೆ, ಆ ಪದ್ಧತಿಯನ್ನೇ ಅವನು ಕಂಪ್ಯೂಟರಿಗೂ ತಂದಿದ್ದ. ಫ್ಲಾಪಿ ಓದುತ್ತಿರುವಾಗಲೇ ಸಿಡಿಗೆ, ಸಿಡಿ ಚೆನ್ನಾಗಿರುವಾಗಲೇ ಇನ್ನೊಂದಕ್ಕೆ. "ನಾ ಹೋದ ಮ್ಯಾಲೂ ಇವು ಇರಬೇಕು" ಎನ್ನುತ್ತಿದ್ದ. ನಾವು ನಗುತ್ತಿದ್ದೆವು.

ಅವನ ತಾಯಿ, ನಮ್ಮ ಆಯಿ, ಗಂಡ ತೀರಿದ ಮೇಲೆ ಇಳಕಲ್ಲಿನಿಂದ ಅವನ ಮನೆಗೆ ಬಂದಳು. ಅಜ್ಜನ ಹೆಸರು ಸಂಗಪ್ಪ. ಅದನ್ನು ನಾನು ಹೇಳಬಹುದು, ನೀವು ಹೇಳಬಹುದು, ಆಯಿ ಹೇಳುವ ಹಾಗಿರಲಿಲ್ಲ. ಮದುವೆಮನೆಯಲ್ಲಿ ಹೆಂಗಸರು ಬಿಡದೆ ಕಾಡಿದಾಗ ಪ್ರಾಸ ಕಟ್ಟಿದ ಒಡಪಿನ ಸಾಲಿನ ನಡುವೆ ಸಿಕ್ಕಿಸಿ ಹೇಳಿದ್ದಿರಬಹುದು, ಅಷ್ಟೇ. ಕೂಡಲಸಂಗಮದ ಹೆಸರಿನಲ್ಲೂ ಗಂಡ ಕೂತಿದ್ದನಲ್ಲ! ಬಸ್ಸಿನಲ್ಲಿ ಟಿಕೇಟು ಕೇಳುವಾಗ, "ಹುನಗುಂದದಾಚಿ ಹೊಳಿ ಕೂಡ್ತಾವಲ್ಲಪಾ, ಆ ಊರಿಗೆ" ಎನ್ನುವಳು.

"ಹೆಸರಿಲ್ಲೇನಬೇ ಆ ಊರಿಗೆ?"

"ಐತಿ. ನಾ ಹೇಳಂಗಿಲ್ಲ."

ಕಂಡಕ್ಟರ್ ನಕ್ಕು ಟಿಕೇಟು ಹರಿಯುತ್ತಿದ್ದ. ಪಕ್ಕದಲ್ಲಿ ಕೂತ ನನಗೆ ನಾಚಿಕೆಯೋ ನಾಚಿಕೆ.

ಒಂದು ಪಂಚಮಿಗೆ ನಾವೆಲ್ಲ ವಿದ್ಯಾಗಿರಿಯಲ್ಲಿ ಸೇರಿದ್ದಾಗ ಆಯಿ ಉಂಡಿ ಕಟ್ಟುತ್ತ ಮಾಮಾನಿಗೆ ಹೇಳಿದಳು: "ನಂದೂ ಒಂದಿಷ್ಟು ದನಿ ಹಿಡದಿಡು. ಕಳೀಬಾರದು. ಆದ್ರ ನಾ ಇರೂತನಕ ಯಾರೂ ಕೇಳಬಾರದು. ನೀನೂ."

ನಮ್ಮ ಮಾಮಾನನ್ನು ನೀವು ಆಗ ನೋಡಬೇಕಿತ್ತು. ಊರಿನ ದನಿಯೆಲ್ಲ ಹಿಡಿದಿಟ್ಟವನಿಗೆ ತಾಯಿಯ ದನಿ ಮಾತ್ರ ಕೇಳುವಂತಿಲ್ಲ! ಆದರೂ ಯಾಕೆ ಅನ್ನಲಿಲ್ಲ. ಯಾವ ಗುಂಡಿ ಒತ್ತಬೇಕೆಂದು ತೋರಿಸಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದ. ತಾನೇ ಬರೆದ ಪ್ರೋಗ್ರಾಮಿನಿಂದ ಅದಕ್ಕೆ ಕೀಲಿ ಹಾಕಿದ. ಕೀಲಿಯ ಮಾತನ್ನು ಆಯಿ ಎರಡು ತುಂಡು ಮಾಡಿ, ಒಂದನ್ನು ಅವ್ವನ ಕಿವಿಯಲ್ಲಿ, ಇನ್ನೊಂದನ್ನು ಬದಾಮಿಯ ಚಿಗವ್ವನ ಕಿವಿಯಲ್ಲಿ ಹೇಳಿದಳು. ಅವರಿಬ್ಬರು ಸೆರಗು ಮರೆಮಾಡಿ ತಮ್ಮ ತಮ್ಮ ತುಂಡನ್ನು ಕೀಬೋರ್ಡಿನಲ್ಲಿ ಒತ್ತುವಾಗ ಮಾಮಾ ಗೋಡೆಗೆ ಮುಖ ಮಾಡಿ ನಿಂತಿದ್ದ.

ಒಳಗೆ ಏನಿದೆ? ಬಂಗಾರ ಇಟ್ಟ ಜಾಗ ಎಂದು ಚಿಗವ್ವ. ನಮಗೆಲ್ಲ ಬೈಗುಳ ಎಂದು ನಾನು. ಮುಂದೆ ಎಷ್ಟೋ ಪಂಚಮಿಗಳಲ್ಲಿ ಅದೇ ಮಾತು, ಅದೇ ನಗು.

"ನೀನ ಮಾಡಿದ ಕೀಲಿ, ನಿನಗ ತೆಗ್ಯಾಕ ಬರೂದಿಲ್ಲೇನಣ್ಣಾ?" ಎಂದು ಚಿಗವ್ವ ಕೆಣಕುವಳು.

"ಬರದಂಗ ಮಾಡೇನಿ. ನನ್ನ ಮ್ಯಾಲ ನನಗ ನಂಬಿಗಿಲ್ಲ" ಎನ್ನುವನು.

ಕೇಳದ ಆ ದನಿಯನ್ನು ಅವನು ಫ್ಲಾಪಿಯಿಂದ ಸಿಡಿಗೆ, ಅಲ್ಲಿಂದ ಮುಂದಕ್ಕೆ ಕೆಚ್ಚುತ್ತಲೇ ಬಂದ.

ಆಯಿ ತೀರಿಕೊಂಡ ಮೇಲಿನ ಪಂಚಮಿಗೆ ಅಕ್ಕತಂಗಿಯರು ತಮ್ಮ ತಮ್ಮ ಅರ್ಧ ಒತ್ತಿದರು. ತೆರೆಯುತ್ತದೋ ಇಲ್ಲವೋ ಎಂದು ಮಾಮಾ ಪರದೆಯ ಹತ್ತಿರಕ್ಕೆ ಬಗ್ಗಿದ. ತೆರೆಯಿತು. ಮೊದಲು ಕುರ್ಚಿ ಸರಿದ ಸದ್ದು. ಆಮೇಲೆ ಮೆಲ್ಲಗೆ, ರುಚಿ ನೋಡಿದಂತೆ, "ಸಂಗಪ್ಪಾ." ಸ್ವಲ್ಪ ತಡೆದು, ಅಡುಗೆಮನೆಯಿಂದ ಮಗ್ಗದ ಕೋಣೆಗೆ ಕೇಳುವಷ್ಟು ಜೋರಾಗಿ: "ಸಂಗಪ್ಪಾ! ಊಟಕ್ಕ ಬಾರೋ, ರೊಟ್ಟಿ ಆರಾಕತ್ತಾವು!" ಆಮೇಲೆ ಒಂದು ನಗು. ಆ ನಗುವನ್ನು ನಾವು ಯಾರೂ ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅವ್ವ ಬಾಯಿಗೆ ಸೆರಗು ಹಿಡಿದಳು. ಮಾಮಾ, "ಚಲೋ ಬಂದೈತಿ ರೆಕಾರ್ಡಿಂಗು" ಅಂದ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಕೀಲಿ ಹಾಕಿದ.

ಈಗ ಮಾಮಾನೂ ಇಲ್ಲ. ಅವನು ಹೇಳಿದಂತೆ ಅವನು ಕೂಡಿಟ್ಟ ದನಿಗಳು ನನ್ನ ಫೋನಿಗೆ ಬಂದು ಉಳಿದಿವೆ, ಕೀಲಿಯೂ ಗಟ್ಟಿಯಾಗಿದೆ. ಒಬ್ಬ ಹೆಂಗಸಿಗೆ ತನ್ನ ಮನೆಯಲ್ಲೇ ಸಿಗದ ಮರೆಯೊಂದನ್ನು ಅವನು ಏನೂ ಕೇಳದೆ ಕಟ್ಟಿಕೊಟ್ಟ. ಅವನನ್ನು ನೆನೆದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ. ನಿಮಗೆ ನಾನು ಮಾತನ್ನಷ್ಟೇ ಹೇಳಿದ್ದೇನೆ, ದನಿ ಕೊಟ್ಟಿಲ್ಲ.

"ಏನೈತ್ರಿ ಅದರಾಗ?" ಅಂಗಡಿಯವನು ಇನ್ನೂ ಕಾಯುತ್ತಿದ್ದ.

"ನಮ್ಮ ಆಯಿ ಊಟಕ್ಕ ಕರ್ಯಾಕತ್ತಾಳ."

"ನಿಮ್ಮನ್ನೇನ್ರಿ?"

"ನನ್ನಲ್ಲಪಾ. ಅದಕ್ಕ ಕೀಲಿ ಇರ್ಲಿ, ಹಂಗ ಹಾಕು."