ಬೀಜದಮ್ಮನ ಮುದ್ದಿನ ಬತ್ತ

ಊರಿಗೆಲ್ಲ ಬತ್ತದ ಬೀಜ ಕೊಡುವವಳಾದ್ದರಿಂದ ಅವಳನ್ನು ಎಲ್ಲರೂ ಬೀಜದಮ್ಮ ಅಂತಲೇ ಕರೆಯುತ್ತಿದ್ದರು. ಹೆತ್ತ ಮಕ್ಕಳನ್ನು ಗದರಿದ್ದುಂಟು, ಪೈರಿಗೆ ಮಾತ್ರ ಜೋರು ದನಿ ತಾಗಿಸಿದವಳಲ್ಲ. ಒದ್ದೆ ಮಣ್ಣಿನಲ್ಲಿ ಮೆತ್ತಗೆ ಬೀಜ ಚೆಲ್ಲುವಳು, ಒಂದಕ್ಕೊಂದು ಜೊತೆಯಿರಲಿ ಅಂತ ಒತ್ತೊತ್ತಾಗಿ ಬೆಳೆಸುವಳು, ಬಿಸಿಲೇರಿದರೆ ಪೈಪು ಹಿಡಿದು ಎಲೆಗಳ ಮುಖ ತೊಳೆಯುವಳು.

ಅವಳ ನಾದಿನಿಯೋ, ಶುದ್ಧ ಸೋಮಾರಿ. ಗದ್ದೆಗೆ ನೀರು ಕಟ್ಟಿ, ನಿಂತ ನೀರಿಗೇ ಬೀಜ ಎರಚಿ, ಹೋಗಿ ಮಲಗಿಬಿಡುವಳು.

"ಹಾಗೇನೇ ಬಿತ್ತೋದು? ಕೋಳಿಗೆ ಕಾಳು ಹಾಕಿದ ಹಾಗೆ!"

"ಬರೋದು ಬರುತ್ತೆ ಬಿಡಿ ಅತ್ತಿಗೆ."

ಈ ವರ್ಷ ಬೀಜದಮ್ಮನ ಪೈರಿನ ಎಲೆತುದಿಗಳು ಬೆಳ್ಳಗಾದವು. "ನೋಡ್ರೀ, ಕಸೂತಿ ಹಾಕಿದ ಹಾಗಿದೆ!" ಅಂತ ಬಂದವರಿಗೆಲ್ಲ ತೋರಿಸಿದಳು. ಕೊಯ್ಲಾದ ಮೇಲೆ ಬೀಜ ಕೇಂದ್ರದ ಪರೀಕ್ಷಕರು ನಾಲ್ಕು ಕಾಳು ಸೀಳಿ ನೆನೆಸಿ, ಸೂಕ್ಷ್ಮದರ್ಶಕದಲ್ಲಿ ಇಣುಕಿ, ಮುಖ ಕಿವುಚಿದರು. ಸಿಪ್ಪೆಯೊಳಗೆ ಬರಿಗಣ್ಣಿಗೆ ಕಾಣದ, ದಾರದಂಥ ಹುಳುಗಳು! ಒಣಕಾಳಿನಲ್ಲಿ ಸುರುಟಿಕೊಂಡು ನಿದ್ದೆ. ತೇವ ಸಿಕ್ಕರೆ ಎಚ್ಚರ. ಒತ್ತಾದ ಪೈರು, ತೊಯ್ದ ಎಲೆ ಸಿಕ್ಕರೆ ಮೆಟ್ಟಿಲು ಹತ್ತಿದ ಹಾಗೆ ತೆನೆಗೇ ಹತ್ತುತ್ತವಂತೆ. ಎಲೆತುದಿಯ ಬಿಳಿ ಕಸೂತಿಯೂ ಇವುಗಳದ್ದೇ ಅಂತೆ.

"ಅಂದ್ರೆ ನಾನು ಇಷ್ಟು ದಿನ ಸಾಕಿದ್ದು..."

"ಇವನ್ನೇ ಅಮ್ಮಾ. ಸೊಗಸಾಗಿ ಸಾಕಿದ್ದೀರಿ! ಹೀಗಿದ್ರೆ ಬೀಜಕ್ಕೆ ತಗೊಳ್ಳೋಕಾಗಲ್ಲ. ಒಂದು ಮೂಟೆ ಬಿಸಿನೀರಲ್ಲಿ ಅದ್ದಿ ತನ್ನಿ, ಮತ್ತೆ ನೋಡೋಣ. ಕೈಯಿಟ್ಟರೆ ಚುರ್ ಅನ್ನಬೇಕು ನೀರು, ಆಗಲೇ ಹುಳು ಸಾಯೋದು."

ಬೀಜವೆಂದು ಒಪ್ಪದಿದ್ದರೆ ಅಷ್ಟೂ ಬತ್ತ ಗಿರಣಿಗೆ ಹೋಗಿ ಅಕ್ಕಿಯಾಗುತ್ತದೆ. ಬೀಜದಮ್ಮನಿಗೆ ಆ ಹೆಸರೇ ಉಳಿಯುವುದಿಲ್ಲ. ಹಂಡೆ ಕಾಯಿಸಿದಳು. ಮೂಟೆ ಇಳಿಸುವ ಹೊತ್ತಿಗೆ ಚುರ್ ಅಂದದ್ದು ಅವಳ ಕರುಳು. ಎರಡು ಕೊಡ ತಣ್ಣೀರು ಬೆರೆಸಿ, ಹಸುಗೂಸಿನ ಸ್ನಾನಕ್ಕೆ ನೋಡುವ ಹಾಗೆ ಮೊಣಕೈ ಅದ್ದಿ ಹದ ನೋಡಿ, ಆಮೇಲೆ ಮುಳುಗಿಸಿದಳು.

ಪರೀಕ್ಷಕರು ಈ ಸಲ ಅವಳನ್ನೇ ಇಣುಕಲು ಕರೆದರು. ಹುಳುಗಳು ಮಿಂದು ಹಗುರಾಗಿ, ಮೈಮುರಿದು ಕುಣಿಯುತ್ತಿದ್ದವು.

ಬತ್ತವೆಲ್ಲ ಗಿರಣಿ ಸೇರಿತು. ಬಿತ್ತಿದ್ದು ಅದೇ ಬೀಜವಾದರೂ ನಾದಿನಿಯ ಕಾಳು ಮಾತ್ರ ಚೊಕ್ಕವಾಗಿತ್ತು. ನಿಂತ ನೀರಿನಲ್ಲಿ ಮೊಳಕೆಗೂ ಮುಂಚೆಯೇ ಹೊರಬಂದ ಹುಳುಗಳು ಹತ್ತಲು ಗಿಡ ಸಿಗದೆ ಸತ್ತಿದ್ದವು. ಊರಿನವರು ಚೀಲ ಹಿಡಿದು ಅವಳ ಬಾಗಿಲಲ್ಲಿ ಸಾಲು ನಿಂತರು. ಕೊನೆಯಲ್ಲಿ ಬೀಜದಮ್ಮ, ಮುಖ ಆಚೆ ತಿರುಗಿಸಿಕೊಂಡು.

"ಅತ್ತಿಗೆ, ಒಳಗೆ ಬನ್ನಿ. ನೀವೇ ಅಳೆದು ಕೊಟ್ಟುಬಿಡಿ, ನನಗೆ ನಿದ್ದೆ ಬರ್ತಿದೆ."

ಬೀಜದಮ್ಮ ಒಳಹೋಗಿ ಸೇರು ಕೈಗೆತ್ತಿಕೊಂಡಳು. ಮೊದಲನೆಯವನ ಚೀಲ ತುಂಬುವಷ್ಟರಲ್ಲಿ ಅವಳ ಹಳೇ ದನಿ ಬಂದೇಬಿಟ್ಟಿತು:

"ನಿಂತ ನೀರಿಗೇ ಎರಚಬೇಕು, ತಿಳೀತಾ? ಮುದ್ದುಗಿದ್ದು ಮಾಡಬೇಡಿ. ನಾನು ಮೊದಲಿಂದಲೂ ಬಡ್ಕೋತಾನೇ ಇದ್ದೀನಿ!"