ಫುಟ್‌ಪಾತಿನಲ್ಲಿ ಕುರ್ಚಿ ಬರೆದವಳು

ಶರ್ವಾಣಿ ಜಯನಗರದ ದೊಡ್ಡ ಸೀರೆ ಮಳಿಗೆಯೊಂದರಲ್ಲಿ ಸೇಲ್ಸ್‌ಗರ್ಲ್ ಆಗಿದ್ದಳು. ಅಲ್ಲಿ ಗಿರಾಕಿಗಳಿಗೆ ಸೋಫಾ, ಅವರ ಗಂಡಂದಿರಿಗೆ ಕಾಫಿ. ಹುಡುಗಿಯರು ಮಾತ್ರ ಅಂಗಡಿ ಬಾಗಿಲು ಹಾಕುವವರೆಗೂ ನಿಂತೇ ಇರಬೇಕು. ಗೋಡೆಗೆ ಒರಗಿದರೂ ಸಂಬಳಕ್ಕೆ ಕತ್ತರಿ. ಕಾಲಿನ ನರಗಳು ಗಂಟುಕಟ್ಟಿದಾಗ ಅವಳು ಒಂದು ಸ್ಟೂಲು ಕೇಳಿದಳು. ಮ್ಯಾನೇಜರ್ ಶ್ರೀಕರ್, ಮನೆಯಲ್ಲೇ ಕೂತುಕೋ ಎಂದು ಕಳಿಸಿಬಿಟ್ಟ. ಆಮೇಲೆ ತ್ಯಾಗರಾಜನಗರದ ಮನೆಯಲ್ಲಿ ಸೀರೆಗಳಿಗೆ ಕುಚ್ಚು ಕಟ್ಟಿ ದಿನ ದೂಡಿದಳು.

ಮಾರ್ಚ್ ಬಂತು. ಅದೇ ಮಳಿಗೆಯ ನೆತ್ತಿಗೆ ಫ್ಲೆಕ್ಸ್ ಏರಿತು: ಸಿಂಹಾಸನದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಮಾಡೆಲ್, ‘ಪ್ರತಿ ಹೆಣ್ಣೂ ಮಹಾರಾಣಿ’ ಎಂಬ ಸಾಲು, ಅದರಡಿ ಮಹಿಳಾ ದಿನದ ರಿಯಾಯಿತಿ. ಬಸ್ಸಿನಿಂದ ಅದನ್ನು ಕಂಡ ಶರ್ವಾಣಿಗೆ ಅಳು ಬರಲಿಲ್ಲ, ಹೇಸಿಗೆಯಾಯಿತು.

ಆ ಭಾನುವಾರ ರಂಗೋಲಿ ಡಬ್ಬ ಹಿಡಿದು ಹೋಗಿ ಮಳಿಗೆಯೆದುರು ಫುಟ್‌ಪಾತಿನಲ್ಲಿ ಕುರ್ಚಿಗಳನ್ನು ಬರೆದಳು. ಚಿಕ್ಕಂದಿನಿಂದ ಚಿತ್ರ ಬರೆದು ಪಳಗಿದ ಕೈ. ‘ಒಳಗಿರುವ ಮಹಾರಾಣಿಯರಿಗೆ’ ಎಂದು ಬರೆದು, ತಾನೇ ಒಂದರ ಮೇಲೆ ಕೂತಳು. ಸೆಕ್ಯೂರಿಟಿಯವನು ಬಕೆಟ್ ನೀರು ಸುರಿದ. ಮುಂದಿನ ವಾರ ಮತ್ತೆ ಬಂದಳು. ಒಂದು ದಿನ ಊಟದ ಬಿಡುವಿನಲ್ಲಿ ಒಳಗಿನ ಹುಡುಗಿ ಬಿಂದುಶ್ರೀ ಯೂನಿಫಾರ್ಮ್ ಸೀರೆಯಲ್ಲೇ ಹೊರಬಂದು, ಅವಳ ಪಕ್ಕ ಕೂತು ಡಬ್ಬಿ ಬಿಚ್ಚಿದಳು. ಹಿಂದೆಯೇ ಇನ್ನೂ ಕೆಲವರು ಬಂದರು. ದಾರಿಹೋಕರು ತೆಗೆದ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು.

ಆಗ ಶ್ರೀಕರನಿಗೆ ಎಲ್ಲಿಲ್ಲದ ಮರ್ಯಾದೆ ಹುಟ್ಟಿತು. ಶರ್ವಾಣಿಯನ್ನು ಕರೆಸಿ ಸೋಫಾದಲ್ಲಿ ಕೂರಿಸಿದ. ಅವಳ ಕುರ್ಚಿಗಳನ್ನು ಸೆರಗಿನ ಮೇಲೆ ಪ್ರಿಂಟ್ ಹಾಕಿಸಿ, ಅವಳ ಹೆಸರಿನಲ್ಲೇ ಸೀರೆ ಮಾರುತ್ತೇವೆ ಎಂದ.

"ಹುಡ್ಗೀರಿಗೆ ಸ್ಟೂಲ್ ಹಾಕಿಸ್ತೀರಾ ಸಾರ್?" ಎಂದಳು.

"ಅದು ಬೇರೆ ವಿಷ್ಯ ಮೇಡಂ. ಕೂತಿದ್ರೆ ಕಸ್ಟಮರ್ ಕಣ್ಣಿಗೆ ಸೋಮಾರಿಗಳ ಥರ ಕಾಣ್ತಾರೆ."

"ಹಂಗಾದ್ರೆ ಆ ಸೀರೇನ ನೀವೇ ಉಟ್ಕೊಳ್ಳಿ," ಎಂದು ಎದ್ದು ಬಂದಳು.

ಕೊನೆಗೆ ಸ್ಟೂಲುಗಳೇನೋ ಬಂದವು. ಫೋಟೊ ನೋಡಿದವರ ಬಾಯಿ ಮುಚ್ಚಿಸಲು ಹುಡುಗಿಯರನ್ನು ಕೂರಿಸಿ ವಿಡಿಯೊ ತೆಗೆದರು. ಅದು ಮುಗಿದದ್ದೇ ಸ್ಟೂಲುಗಳು ಗೋಡೌನು ಸೇರಿದವು. ಅಷ್ಟು ದೊಡ್ಡ ಮಳಿಗೆಯಲ್ಲಿ ನಾಚಿಕೆಯೊಂದನ್ನು ಮಾತ್ರ ತರಿಸಿರಲಿಲ್ಲ.

ಆಷಾಢದ ಸೇಲಿನ ನೂಕುನುಗ್ಗಲಿನಲ್ಲಿ ಬಿಂದುಶ್ರೀ ಕೈಯಲ್ಲಿದ್ದ ಸೀರೆ ಬಿಟ್ಟು ನೆಲದ ಮೇಲೆ ಕೂತಳು. ಅವಳನ್ನು ನೋಡಿ ಉಳಿದವರೂ ಕೂತರು. ಗಿರಾಕಿಗಳು ಗೊಣಗಿದರು, ಕೆಲವರು ಹೊರಟೇ ಹೋದರು. ಮಳಿಗೆಯವರಿಗೆ ವ್ಯಾಪಾರ ನಿಂತಾಗ ಮಾತ್ರ ಕಿವಿ ಕೇಳಿಸುತ್ತದೆ. ಸಂಜೆಯೊಳಗೆ ಸ್ಟೂಲುಗಳು ವಾಪಸು ಬಂದವು. ಮಾರನೆಯ ದಿನ ಬಿಂದುಶ್ರೀಯ ಕೆಲಸ ಹೋಯಿತು.

ಈಗ ಇಬ್ಬರೂ ಸೇರಿ ಕುಚ್ಚು ಕಟ್ಟುತ್ತಾರೆ. ಭಾನುವಾರ, ಹುಡುಗಿಯರನ್ನು ನಿಲ್ಲಿಸಿಯೇ ದುಡಿಸುವ ಬನಶಂಕರಿಯ ಒಡವೆ ಅಂಗಡಿಯೊಂದರ ಮುಂದೆ ಕುರ್ಚಿಗಳ ರಂಗೋಲಿ ಹಾಕುತ್ತಾರೆ. ಅಲ್ಲಿಯ ಮಾಲೀಕ ಆಗಲೇ ಪೊಲೀಸರಿಗೆ ದೂರು ಕೊಟ್ಟಿದ್ದಾನಂತೆ.